ನೌಕರಿ ಬಿಡದ ಮನುಷ್ಯ

ಶಿಗ್ಗಾಂವ ತಾಲ್ಲೂಕಿನಲ್ಲಿ ಹುಟ್ಟಿ ಹೆಸರು ಮಾಡಬೇಕೆಂದರೆ ಮೊದಲು ಕೈಯಲ್ಲಿದ್ದ ನೌಕರಿ ಬಿಡಬೇಕು. ಇದು ನಾನು ಕಟ್ಟಿದ ಮಾತಲ್ಲ, ಚರಿತ್ರೆ. ಬಾಡದ ತಿಮ್ಮಪ್ಪನಾಯಕರು ದಂಡನಾಯಕರಾಗಿಯೇ ಉಳಿದಿದ್ದರೆ ಇವತ್ತು ಅವರನ್ನು ಕೇಳುವವರು ಯಾರಿದ್ದರು? ಕತ್ತಿ ಕೆಳಗಿಟ್ಟು ತಂಬೂರಿ ಹಿಡಿದರು, ಕನಕದಾಸರಾದರು. ಶಿಶುವಿನಹಾಳದ ಶರೀಫರು ಸಾಲಿ ಮಾಸ್ತರಿಕೆ ಬಿಟ್ಟು ಕಳಸದ ಗೋವಿಂದಭಟ್ಟರ ಬೆನ್ನು ಹತ್ತಿದರು. 1950ರಲ್ಲಿ ಶಿಗ್ಗಾಂವದಲ್ಲೇ ಹುಟ್ಟಿದ ಸುಧಾ ಮೂರ್ತಿಯವರು, ಹೆಣ್ಣುಮಕ್ಕಳು ಅರ್ಜಿ ಹಾಕಬೇಡಿ ಎಂದಿದ್ದ ಟೆಲ್ಕೋ ಜಾಹೀರಾತು ನೋಡಿ ಸಿಟ್ಟಿಗೆದ್ದು ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್ ಕಾರ್ಡು ಬರೆದು ನೌಕರಿ ಹಿಡಿದರು. ಅಷ್ಟು ಹಟದಿಂದ ಹಿಡಿದದ್ದನ್ನೂ ಕಡೆಗೆ ಬಿಟ್ಟರು.

ನಮ್ಮಪ್ಪ ಬಿಡಲಿಲ್ಲ. ಕಾಲೇಜು ಮುಗಿಸಿದ ವರ್ಷ ಪುಣೆಯ ಒಂದು ಇಂಜಿನ್ ಕಂಪನಿ ಸೇರಿದವರು, ನಿವೃತ್ತಿಯ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು ಅವರೇ ಕಳಿಸುವ ತನಕ ಅಲ್ಲೇ ಇದ್ದರು. ತಾಲ್ಲೂಕಿನ ಪರಂಪರೆಗೆ ಹೀಗೆ ಬೆನ್ನು ತಿರುಗಿಸಿದವರನ್ನು ನೆನೆಯುವುದು ಹೇಗೆಂಬುದೇ ನನ್ನ ಕಷ್ಟ.

ಸೇರಿದಾಗ ಅಪ್ಪ ಇಂಜಿನ್ ಮಾರುವ ಹುಡುಗ. ಹಾನಗಲ್ಲ, ಹಿರೇಕೆರೂರು, ಸವಣೂರು ಎಂದು ಚೀಲ ಹೆಗಲಿಗೆ ಹಾಕಿಕೊಂಡು ಕೆಂಪು ಬಸ್ಸಿನಲ್ಲಿ ತಿರುಗುತ್ತಿದ್ದರು. ನಿವೃತ್ತರಾದಾಗ ಜನರಲ್ ಮ್ಯಾನೇಜರ್. ಮಾರುವ ಹುಡುಗನಾಗಿದ್ದಷ್ಟು ದಿನ ಊರಿಗೆ ಅವರ ಕೆಲಸ ತಿಳಿಯುತ್ತಿತ್ತು. ಮೇಲೇರಿದಂತೆ ತಿಳಿಯದಾಯಿತು. ನಮ್ಮಜ್ಜ ಕಟ್ಟೆಯ ಮೇಲೆ ಕೂತು ವಿಚಾರಣೆ ನಡೆಸಿದ್ದು ಮನೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

‘ಇಂಜಿನ್ ನೀನ ಮಾಡ್ತೀಯೇನು?’

‘ಇಲ್ಲಪಾ, ಅದಕ್ಕ ಬ್ಯಾರೆ ಮಂದಿ ಅದಾರ.’

‘ಮತ್ತ ಮಾರ್ತೀಯೇನು?’

‘ಈಗಿಲ್ಲ, ಮಾರಾಕ ಹುಡುಗ್ರು ಅದಾರ.’

‘ಲೆಕ್ಕಾ ಬರೀತಿ, ಹಂಗಾರ?’

‘ಅದಕ್ಕೂ ಒಬ್ಬಾಂವ ಅದಾನ.’

‘ನೀ ಏನ ಮಾಡ್ತೀಯೋ ಮಾರಾಯಾ?’

‘ಅವರು ಮಾಡ್ತಾರೋ ಇಲ್ಲೋ ನೋಡ್ತೀನಿ.’

ಅಜ್ಜ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು, ‘ಇದರಾಗ ಏನೈತಿ, ಮೊದಲ ಗೌಡ್ರು ಮಾಡತಿದ್ರಲ್ಲ ಅದ,’ ಎಂದು ಪ್ರಕರಣ ಮುಗಿಸಿದನಂತೆ. ಆಡಳಿತಶಾಸ್ತ್ರದ ದಪ್ಪ ಪುಸ್ತಕಗಳನ್ನು ನಾನೂ ಓದಿದ್ದೇನೆ. ಅಜ್ಜ ಬಿಟ್ಟದ್ದೇನೂ ಅವುಗಳಲ್ಲಿ ಸಿಗಲಿಲ್ಲ.

ಮನೆಯಲ್ಲಿ ಇನ್ನೊಂದು ಮುಜುಗರವಿತ್ತು. ನಮ್ಮ ಹೊಲದ ಬಾವಿಯ ಮೇಲೆ ಕೂತಿದ್ದದ್ದು ಕಿರ್ಲೋಸ್ಕರ ಇಂಜಿನ್. ಅಪ್ಪನ ಕಂಪನಿಗೆ ಅದೇ ಎದುರಾಳಿ! ಅಪ್ಪ ನೌಕರಿಗೆ ಸೇರುವ ಮೊದಲೇ ಅಜ್ಜ ಅದನ್ನು ಸಾಲ ಮಾಡಿ ತಂದಿದ್ದ. ಸಾಲ ಹರಿದ ಮೇಲೆ, ಮಗನ ಕಂಪನಿಯ ಮಾಲು ಅಗ್ಗದಲ್ಲಿ ಸಿಗುತ್ತದೆಂದರೂ ಬದಲಿಸಲಿಲ್ಲ. ‘ಚಲೋ ನಡದೈತಿ, ಯಾಕ ಬದಲಸ್ಲಿ? ನೀನೂ ಒಂದ ಕಂಪನ್ಯಾಗ ಅದೀಯಲ್ಲ?’ ಮಾರಾಟದಲ್ಲಿ ಬಹುಮಾನ ಪಡೆದ ಮನುಷ್ಯನಿಗೆ ತನ್ನಪ್ಪನೊಬ್ಬನಿಗೆ ಮಾರಲಾಗಲಿಲ್ಲ.

ಹಾಗೆ ನೋಡಿದರೆ ಕಿರ್ಲೋಸ್ಕರರೂ ಹೊರಗಿನವರಲ್ಲ. ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗಲು ಮುಂಬಯಿಗೆ ಹೋದವರಿಗೆ ಬಣ್ಣಗಳು ಸರಿಯಾಗಿ ಕಾಣುವುದಿಲ್ಲವೆಂದು ಅಲ್ಲಿ ತಿಳಿಯಿತು. ಯಂತ್ರದ ನಕ್ಷೆಗೆ ಬಣ್ಣ ಬೇಡವಲ್ಲ, ಅದನ್ನು ಕಲಿತರು. ಅಲ್ಲೇ ಮಾಸ್ತರರಾಗಿ, ಸಿಗಬೇಕಾದ ಬಡ್ತಿ ಸಿಗದಿದ್ದಾಗ ನೌಕರಿ ಬಿಟ್ಟರು. (ನೋಡಿದಿರಾ, ಇವರೂ!) ಬೆಳಗಾವಿಗೆ ಬಂದು ಸೈಕಲ್ ಅಂಗಡಿ ತೆರೆದರು. 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ಸೋಕಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಹತ್ತಿರ ಬರಲಿಲ್ಲ. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಟಾರ್ಗೆಟ್ ಮುಟ್ಟದ ಹುಡುಗರು ಅಳುಮೋರೆ ಹಾಕಿಕೊಂಡು ಬಂದರೆ ಅಪ್ಪ ಈ ಕತೆ ಹೇಳುತ್ತಿದ್ದರು, ಎದುರಾಳಿ ಕಂಪನಿಯ ಆಫೀಸಿನಲ್ಲಿ ಕೂತು. ಲಕ್ಷ್ಮಣರಾಯರು ಮಗ ಶಂತನುರಾಯರನ್ನು ಆ ಕಾಲದಲ್ಲೇ ಅಮೆರಿಕದ ಎಂ.ಐ.ಟಿ.ಗೆ ಓದಲು ಕಳಿಸಿದ್ದನ್ನು ಮಾತ್ರ ಆಫೀಸಿನಲ್ಲಿ ಹೇಳುತ್ತಿರಲಿಲ್ಲ, ನಮಗೆ ಹೇಳುತ್ತಿದ್ದರು. ಅದನ್ನು ಕೇಳಿದರೆ ನಮಗೆ ಊಟ ಸೇರುತ್ತಿರಲಿಲ್ಲ, ಯಾಕೆಂದರೆ ಅದರ ಹಿಂದೆಯೇ ಗಣಿತದ ಅಂಕಪಟ್ಟಿ ಹೊರಬರುತ್ತಿತ್ತು.

ನಾವು ಮಕ್ಕಳು ಅವ್ವನ ಜೊತೆ ಶಿಗ್ಗಾಂವದಲ್ಲೇ ಇದ್ದು ಕನ್ನಡ ಸಾಲಿಗೆ ಹೋಗುತ್ತಿದ್ದೆವು. ಪುಣೆ–ಬೆಂಗಳೂರು ಹೆದ್ದಾರಿ ಊರಿಗೆ ತಗುಲಿಯೇ ಇದೆ. ಆಗ ಅದು ನಾಲ್ಕನೇ ನಂಬರು, ಈಗ ನಲವತ್ತೆಂಟು. ಸರಕಾರ ಏನೇ ನಂಬರು ಕೊಡಲಿ, ನಮಗೆ ಅದು ಅಪ್ಪ ಬರುವ ರಸ್ತೆ. ಶನಿವಾರ ರಾತ್ರಿಯ ಬಸ್ಸು ಹತ್ತಿ ರವಿವಾರ ಬೆಳಕು ಹರಿಯುವಾಗ ಇಳಿದು, ಅದೇ ರಾತ್ರಿ ವಾಪಸು. ಜೊತೆಗೆ ಸಾಹೇಬರಿಗೆಂದು ಸವಣೂರ ಖಾರದ ಪೊಟ್ಟಣ, ಹದವಾದ ಎಲೆಯ ಕಟ್ಟು. ಪುಣೆಯಲ್ಲಿ ಅಪ್ಪನಿಗೆ ಬಡ್ತಿಗಳು ಸಿಕ್ಕಿದ್ದರಲ್ಲಿ ಸವಣೂರ ಖಾರದ ಪಾಲೆಷ್ಟು ಎಂದು ಅವ್ವ ಕೇಳುತ್ತಿದ್ದಳು, ಅಪ್ಪ ಉತ್ತರಿಸುತ್ತಿರಲಿಲ್ಲ.

ಬಂದ ರವಿವಾರ ಚಹಾ ಆದ ಮೇಲೆ ರಿವ್ಯೂ. ನಾನು, ತಮ್ಮ, ಕಾಕಾನ ಮಕ್ಕಳು, ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ. ಹೋದ ಸಲ ಹದಿನಾಲ್ಕರ ಮಗ್ಗಿ ಒಪ್ಪಿಕೊಂಡವರು ಯಾರು, ಮುಗಿಸಿದವರು ಯಾರು, ಮುಗಿಯದಿದ್ದರೆ ಅಡಚಣೆ ಏನು? ತಮ್ಮ ಒಮ್ಮೆ ‘ಮಳಿ’ ಎಂದ. ಮಾರುಕಟ್ಟೆಯ ವರದಿಗಳಲ್ಲಿ ಎಲ್ಲ ಡೀಲರುಗಳೂ ಮಳೆಯನ್ನೇ ದೂರುತ್ತಿದ್ದರೋ ಏನೋ, ಅಪ್ಪ ಅದನ್ನು ಗಂಭೀರವಾಗಿ ಬರೆದುಕೊಂಡರು. ಬರಲಾಗದ ವಾರ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಒಂದು, ಅವ್ವನ ಔಷಧ. ಎರಡು, ಎಮ್ಮೆ. ಮೂರು, ನನ್ನ ಕನ್ನಡಕ. ಕೊನೆಗೆ ‘ತಮ್ಮ ಉತ್ತರದ ನಿರೀಕ್ಷೆಯಲ್ಲಿ’. ಪ್ರೀತಿ ಎಂಬ ಬಾಬತ್ತು ಆ ಪಟ್ಟಿಯಲ್ಲಿ ಎಂದೂ ಬಂದದ್ದಿಲ್ಲ. ಆದರೆ ಒಂದು ವಾರ ಮೂರನೆಯದಕ್ಕೆ ನಾನು ಉತ್ತರ ಬರೆಯದಿದ್ದಾಗ, ರವಿವಾರವಲ್ಲದ ಒಂದು ದಿನ ಬಂದಿಳಿದು, ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದು ಕಣ್ಣು ತೋರಿಸಿ, ಕನ್ನಡಕ ಕೊಡಿಸಿ, ಅಲ್ಲಿಂದಲೇ ಪುಣೆ ಬಸ್ಸು ಹತ್ತಿದರು.

ಮಧ್ಯಾಹ್ನ ಮಾತ್ರ ಅವರು ಬೇರೆ ಮನುಷ್ಯ. ಇಸ್ತ್ರಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಬಾವಿಗೆ ಹೋಗುತ್ತಿದ್ದರು. ಫುಟ್‌ವಾಲ್ ಸೋರಿ ಪಂಪಿನ ನೀರು ಇಳಿದುಹೋಗಿರುತ್ತಿತ್ತು. ಕೊಡಪಾನದಲ್ಲಿ ನೀರು ತುಂಬಿ, ನಿಲ್ಲದಿದ್ದರೆ ಸಗಣಿ ಕಲಸಿ ಸುರಿಯುತ್ತಿದ್ದರು. ಸಗಣಿ ಹೋಗಿ ಸಂದಿಗೆ ಕೂತರೆ ಸೋರಿಕೆ ಬಂದ್. ಆಮೇಲೆ ಹ್ಯಾಂಡಲ್ ಸಿಕ್ಕಿಸಿ, ತಲೆಯ ಮೇಲಿನ ಲಿವರ್ ಎತ್ತಿ ಹಿಡಿದು ತಿರುವುವುದು. ಚಕ್ರ ವೇಗ ಹಿಡಿದ ಗಳಿಗೆಗೆ ಲಿವರ್ ಬಿಡಬೇಕು. ಮೊದಲೇ ಬಿಟ್ಟರೆ ನಿಂತುಬಿಡುತ್ತದೆ, ತಡಮಾಡಿದರೆ ತೋಳು ಸೋಲುತ್ತದೆ. ಅಪ್ಪನಿಗೆ ಒಂದೇ ಸಲಕ್ಕೆ ಹೊತ್ತುತ್ತಿತ್ತು. ಕಪ್ಪು ಹೊಗೆ ಉಗುಳಿ, ಡುಗುಡುಗು ಎಂದು ನೀರೆತ್ತಿದ ಮೇಲೆ, ಬಾವಿಯ ದಂಡೆಯಲ್ಲಿ ಕೂತು ಎದುರಾಳಿಯ ಇಂಜಿನ್ನಿನ ಸಪ್ಪಳ ಕೇಳುತ್ತಿದ್ದರು. ‘ಛಲೋ ಮಾಡ್ಯಾರ ಮಕ್ಕಳು,’ ಎನ್ನುತ್ತಿದ್ದರು. ಪುಣೆಯಲ್ಲಿ ಈ ಮಾತು ಆಡಿದ್ದರೆ ಅವರ ನೌಕರಿಯೂ ಹೋಗಿ ತಾಲ್ಲೂಕಿನ ಚರಿತ್ರೆಗೆ ಸೇರುತ್ತಿದ್ದರು.

ಆ ಚರಿತ್ರೆಗೆ ನಮ್ಮ ಮನೆಯಿಂದ ಸೇರಲು ನೋಡಿದವಳು ನಾನು. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ಬಿಟ್ಟು ಬರೆಯುತ್ತ ಕೂರುತ್ತೇನೆಂದು ಫೋನಿನಲ್ಲಿ ಹೇಳಿದೆ. ಕನಕ, ಶರೀಫ ಇಬ್ಬರನ್ನೂ ಸಾಕ್ಷಿಗೆ ಕರೆದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಬೈಗುಳಕ್ಕೆ ತಯಾರಾಗಿ ನಿಂತೆ.

‘ಬಿಡು ಯವ್ವಾ, ನಿನಗ ಸರಿ ಕಂಡದ್ದು ಮಾಡು,’ ಎಂದರು. ‘ಪಿ.ಎಫ್. ಫಾರ್ಮ್ ತುಂಬಿಯೋ ಇಲ್ಲೋ?’

ತುಂಬಿರಲಿಲ್ಲ. ಆ ಫಾರ್ಮು, ಅದರ ಜೆರಾಕ್ಸು, ನೆನಪೋಲೆ ಎಲ್ಲವನ್ನೂ ಆಮೇಲೆ ಅವರೇ ಬೆಂಬತ್ತಿ ಮುಗಿಸಿದರು. ಕನಕದಾಸರಿಗೆ ಹೀಗೆ ಒಬ್ಬ ಅಪ್ಪ ಇದ್ದರೋ ಇಲ್ಲವೋ.

ಅಪ್ಪ ತೀರಿಕೊಂಡಾಗ ಕಂಪನಿಯಿಂದ ಹೂವಿನ ಚಕ್ರ ಬಂತು. ಹಾನಗಲ್ಲ, ಹಿರೇಕೆರೂರಿನ ಕಡೆಯಿಂದ ಹಳೆಯ ಡೀಲರುಗಳು ಬಂದರು. ಅವರು ಇಂಜಿನ್ನಿನ ಸುದ್ದಿ ತೆಗೆಯಲಿಲ್ಲ. ‘ನಮ್ಮ ಹುಡುಗಿ ಲಗ್ನಕ್ಕ ಮಳ್ಯಾಗ ನೆನಕೋತ ಬಂದಿದ್ರಿ ಸಾಹೇಬ್ರು’ ಎಂದು ಒಬ್ಬರು, ‘ಬಾಕಿ ಕೇಳಾಕ ಬಂದು ಊಟಾ ಮಾಡಿ ಹೋಗ್ತಿದ್ರು, ಬಾಕಿ ಮುಂದಿನ ವಾರ ನಾವ ಕಳಸ್ತಿದ್ವಿ’ ಎಂದು ಇನ್ನೊಬ್ಬರು. ವಸೂಲಿಯ ಈ ಪದ್ಧತಿಯೂ ನನ್ನ ದಪ್ಪ ಪುಸ್ತಕಗಳಲ್ಲಿಲ್ಲ.

ಬಾವಿಗೆ ಕರೆಂಟಿನ ಪಂಪು ಬಂದು ಎಷ್ಟೋ ಕಾಲವಾಯಿತು. ಹಳೆಯ ಇಂಜಿನ್ನು ಗುಡಿಸಲಿನಲ್ಲಿ ಗೋಣಿ ಹೊದ್ದು ಕೂತಿದೆ. ಗುಜರಿಯವನಿಗೆ ಕೊಡೋಣವೆಂದು ಕಾಕಾ ಕೇಳಿದಾಗಲೆಲ್ಲ ಅಪ್ಪ, ಪ್ರತಿಸ್ಪರ್ಧಿಯ ಮಾಲಿನ ಬಗ್ಗೆ ತಮಗೆ ಯಾವ ಮೋಹವೂ ಇಲ್ಲವೆಂಬ ಧಾಟಿಯಲ್ಲಿ, ‘ಕಬ್ಬಿಣದ ರೇಟು ಇನ್ನೂ ಏರತೈತಿ, ಅವಸರ ಬ್ಯಾಡ’ ಎನ್ನುತ್ತಿದ್ದರು. ಈಗ ಕಾಕಾ ನನಗೆ ಫೋನು ಮಾಡುತ್ತಾನೆ. ಕಿಲೋಕ್ಕೆ ಇಷ್ಟಾಗಿದೆ, ಕೊಡಲೇನು ಎನ್ನುತ್ತಾನೆ. ಇನ್ನೂ ಸ್ವಲ್ಪ ಏರಲಿ ಕಾಕಾ, ಎನ್ನುತ್ತೇನೆ.