ಮೂವತ್ತೈದಕ್ಕೆ ಪಾಸು

ಹಳೇ ಪಿಕಪ್ ಇಟ್ಟುಕೊಂಡವನಿಗೆ ವರ್ಷಕ್ಕೆ ಎರಡು ಸಲ ಊರಿಗೆ ಊರೇ ಬುದ್ಧಿ ಹೇಳುತ್ತದೆ. ಎಮಿಷನ್ ಸರ್ಟಿಫಿಕೇಟಿನ ಅವಧಿ ಆರೇ ತಿಂಗಳಾದ್ದರಿಂದ ಈ ಯೋಗ. ಬಿಎಸ್-4 ಮತ್ತು ಆಮೇಲಿನ ಗಾಡಿಗಳಿಗಾದರೆ ಒಂದು ವರ್ಷದ್ದು ಕೊಡುತ್ತಾರೆ. ನಮ್ಮದು 2008ರ ಮಾಡೆಲ್, ಬಿಎಸ್-2. ಸರ್ಕಾರಕ್ಕೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ನನಗೂ ಇಲ್ಲ ಅನ್ನಿ.

ಕಂಪನಿಯ ಹೆಸರು ಹೇಳುವುದಿಲ್ಲ. ಅವರು ಕೊಟ್ಟ ಗಾಡಿ ಚೆನ್ನಾಗಿಯೇ ಇತ್ತು. ಆಮೇಲೆ ನಾವು ಅದರಿಂದ ಮಾಡಿಸಿದ ಕೆಲಸಗಳು ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲ. ಸಾಗರದ ಮಂಡಿಗೆ ಅಡಿಕೆ ಮೂಟೆ, ಕೊಟ್ಟಿಗೆಗೆ ದರಗು, ತೋಟಕ್ಕೆ ಗೊಬ್ಬರ, ಯಾರದೋ ಮದುವೆಗೆ ಪಾತ್ರೆ ಶಾಮಿಯಾನ, ಚೌತಿಯಲ್ಲಿ ಗಣಪತಿ, ಹುಷಾರಿಲ್ಲದ ಎಮ್ಮೆ, ಎಲ್ಲವೂ ಅದರಲ್ಲೇ. ಹುಲಿಕಲ್ ಘಾಟಿ ಹತ್ತುವಾಗ ಹಿಂದೆ ಬರುವ ಬೈಕಿನವನು ಕನ್ನಡಿಯಲ್ಲಿ ಮೊದಲು ಮಸುಕಾಗುತ್ತಾನೆ, ಆಮೇಲೆ ಕಾಣೆಯಾಗುತ್ತಾನೆ, ತಿರುವಿನಲ್ಲಿ ಮತ್ತೆ ಪ್ರತ್ಯಕ್ಷನಾಗಿ ಕೈ ಎತ್ತಿ ಏನೋ ಹೇಳುತ್ತಾನೆ. ನಾನೂ ಕೈ ಎತ್ತುತ್ತೇನೆ. ಮಲೆನಾಡಿನವರು ಮರ್ಯಾದಸ್ಥರು. "ನೀವು ಬರೋದು ಮೊದಲು ಕಾಣತ್ತೆ, ಆಮೇಲೆ ಕೇಳತ್ತೆ" ಎನ್ನುತ್ತಾಳೆ ನನ್ನಾಕೆ. ಗುಡ್ಡದಾಚೆ ಕಪ್ಪು ಎದ್ದದ್ದು ನೋಡಿ ಕಾಫಿಗೆ ನೀರಿಡುತ್ತಾಳೆ.

ನಿಜ ಹೇಳಬೇಕೆಂದರೆ ನಮಗೆ ಹೊಗೆಯ ಹೆದರಿಕೆಯೇ ಇಲ್ಲ. ಬಚ್ಚಲ ಒಲೆ ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನದವರೆಗೆ ಹೊಗೆಯಾಡುತ್ತದೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆ ರಾತ್ರಿಯಿಡೀ ಉರಿಯುತ್ತದೆ, ಕಣ್ಣು ಕೆಂಪಗಾಗದವನು ಕೆಲಸ ಮಾಡಿಲ್ಲವೆಂದೇ ಲೆಕ್ಕ. ಮನೆಯ ಅಟ್ಟ ಗೆದ್ದಲು ಹತ್ತದೆ ಉಳಿದಿರುವುದೇ ಹೊಗೆಯಿಂದ. ಇಂಥ ಊರಿನಲ್ಲಿ ಒಬ್ಬ ಹುಡುಗ ಓಮ್ನಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕೂತು ನಮ್ಮ ಪಿಕಪ್ಪಿನ ಹೊಗೆ ಒಂದನ್ನೇ ಅಳೆಯುವುದು ಪಕ್ಷಪಾತವೆಂದು ಬಹಳ ಜನರ ಅಭಿಪ್ರಾಯ.

ಆದರೆ ಡೀಸೆಲ್ ಹೊಗೆ ಬಚ್ಚಲಿನದರಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಅದನ್ನು ಕ್ಯಾನ್ಸರ್ ತರುವುದು ಖಚಿತವಾದ ಒಂದನೇ ಗುಂಪಿಗೆ ಸೇರಿಸಿತು. ಇದನ್ನು ನನಗೆ ಓದಿ ಹೇಳಿದವನು ಪಕ್ಕದ ಮನೆಯ ಭಾವ, ಬಾಯಲ್ಲಿ ಕವಳ ಇಟ್ಟುಕೊಂಡು. ಅದೇ ಸಂಸ್ಥೆಯ ಅದೇ ಒಂದನೇ ಗುಂಪಿನಲ್ಲಿ ಅಡಿಕೆಯೂ ಇದೆ. ಆ ಸುದ್ದಿಯನ್ನು ಮಾತ್ರ ನಮ್ಮ ಸೀಮೆಯಲ್ಲಿ ಯಾರೂ ಗಟ್ಟಿಯಾಗಿ ಓದುವುದಿಲ್ಲ. ಅಂದರೆ ನಮ್ಮ ಪಿಕಪ್ ಮಂಡಿಗೆ ಹೊರಟಾಗ ಹೊತ್ತದ್ದೂ ಬಿಟ್ಟದ್ದೂ ಒಂದೇ ಪಟ್ಟಿಯ ಸರಕು.

ಅವಧಿ ಮುಗಿಯುತ್ತ ಬಂತೆಂದು ತಿಳಿದದ್ದೇ ಸಲಹೆಗಳು ಶುರುವಾದವು. "ಭಾವ, ಗಾಡಿ ಎಂತಕ್ಕೆ ಒಯ್ಯೋದು ಮಾರಾಯಾ, ಫೋಟೋ ಕಳಿಸಿದ್ರೆ ಆತು" ಎಂದ ಭಾವ. ಒಂದು ಕಾಲದಲ್ಲಿ ಅದೂ ನಡೆಯುತ್ತಿತ್ತು. ಈಗ ನಂಬರ್ ಪ್ಲೇಟಿನ ಚಿತ್ರದ ಸಮೇತ ವಿವರವೆಲ್ಲ ಸರ್ಕಾರದ ವಾಹನ್ ಜಾಲಕ್ಕೆ ಹೋಗುತ್ತದೆ. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸು ಎಂದರು ಒಬ್ಬರು, ಥಿನ್ನರ್ ಎಂದರು ಇನ್ನೊಬ್ಬರು. ಆಕ್ಸಿಲರೇಟರ್ ಪೆಡಲಿನ ಕೆಳಗೆ ಮರದ ತುಂಡು ಇಟ್ಟರೆ ಎಷ್ಟು ತುಳಿದರೂ ಎಂಜಿನ್ ಪೂರ್ತಿ ಏರುವುದಿಲ್ಲ, ಹೊಗೆಯೂ ಬರುವುದಿಲ್ಲ ಎಂಬುದು ಡ್ರೈವರುಗಳ ಗುಟ್ಟು. ಕ್ಯಾಲಿಫೋರ್ನಿಯಾದಲ್ಲಿರುವ ಭಾವನ ಮಗ ಫೋನಿನಲ್ಲಿ ಸಿಕ್ಕಿದ. ಅಲ್ಲಿ ಇದಕ್ಕೆ ಸ್ಮಾಗ್ ಚೆಕ್ ಎನ್ನುತ್ತಾರಂತೆ. 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಪರೀಕ್ಷೆಯೇ ಇಲ್ಲವಂತೆ. "ಅಷ್ಟು ಹಳೇದಾದ್ರೆ ಅಲ್ಲಿ ಮರ್ಯಾದೆ ಕೊಡ್ತಾರೆ ನೋಡಿ" ಎಂದಳು ಇವಳು. ಪಿಕಪ್ಪಿನ ಬಗ್ಗೆ ಹೇಳಿದಳೋ ಮತ್ತಾರ ಬಗ್ಗೆಯೋ ಸ್ಪಷ್ಟವಾಗಲಿಲ್ಲ.

ಇನ್ನು ಕಾನೂನಿನ ಪಂಡಿತರು. ಎಮಿಷನ್ ಇಲ್ಲದಿದ್ದರೆ ಇನ್ಶೂರೆನ್ಸ್ ನವೀಕರಿಸಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2024ರಲ್ಲಿ ಆ ಷರತ್ತನ್ನು ತೆಗೆಯಿತು. ಹಾಗಾಗಿ ಈಗ ಬೇಕಾಗಿಲ್ಲ ಎಂದು ಹೋಟೆಲಿನಲ್ಲಿ ತೀರ್ಪಾಯಿತು. ಬೇಕು. ಕೇಂದ್ರದ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಮಾಲಿನ್ಯಕ್ಕೆ ದಂಡ 10,000 ರೂಪಾಯಿವರೆಗೆ ಏರಿದೆ. ಅಷ್ಟಲ್ಲದೆ ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಎಮಿಷನ್ ಇಲ್ಲದೆ ನಿಂತು ಸುಪ್ರೀಂ ಕೋರ್ಟಿನ ಮಾತೆತ್ತುವ ಧೈರ್ಯ ಹೋಟೆಲಿನ ಯಾವ ಪಂಡಿತನಿಗೂ ಇದ್ದಂತೆ ಕಾಣಲಿಲ್ಲ.

ಕಡೆಗೆ ಹೋದೆ. ಜೊತೆಗೆ ಭಾವನೂ ಬಂದ, ಹೊಸ ಪಂಚೆಯಲ್ಲಿ. ಸಾಗರದಲ್ಲಿ ಬೇರೆ ಕೆಲಸ ಇತ್ತಂತೆ.

ಓಮ್ನಿಯ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಮೊದಲು ನಂಬರ್ ಪ್ಲೇಟಿಗೆ ಮೆತ್ತಿದ್ದ ಕೆಸರು ಒರೆಸಿಸಿ ಫೋಟೊ ತೆಗೆದ. ಸೈಲೆನ್ಸರಿನೊಳಗೆ ಉದ್ದದ ಕೊಳವೆ ತೂರಿಸಿದ. ಪೆಟ್ರೋಲ್ ಗಾಡಿಯಾದರೆ ಸುಮ್ಮನೆ ಐಡ್ಲಿಂಗಿನಲ್ಲಿ ಬಿಟ್ಟು ಕಾರ್ಬನ್ ಮೊನಾಕ್ಸೈಡ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಎಂದು ನೋಡುತ್ತಾರೆ. ಡೀಸೆಲ್ಲಿನದು ಬೇರೆ ಕಥೆ. ಗೇರು ನ್ಯೂಟ್ರಲ್ಲಿನಲ್ಲಿಟ್ಟು ಆಕ್ಸಿಲರೇಟರನ್ನು ಒಂದೇ ಏಟಿಗೆ ತಳಮುಟ್ಟ ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಆ ಹೊಗೆ ಯಂತ್ರದ ಕೋಣೆಯೊಳಗೆ ಹೋಗುತ್ತದೆ. ಅಲ್ಲಿ ಒಂದು ಕಡೆ ದೀಪ, ಇನ್ನೊಂದು ಕಡೆ ಕಣ್ಣು. ಹೊಗೆ ಎಷ್ಟು ಪಾಲು ಬೆಳಕನ್ನು ತಡೆಯಿತೆಂಬುದೇ ಅಂಕ. ಇದಕ್ಕೆ ಹಾರ್ಟ್‌ರಿಜ್ ಸ್ಮೋಕ್ ಯೂನಿಟ್ ಎಂದು ಹೆಸರು. ನಮ್ಮ ಕಾಲದ ಗಾಡಿಗಳಿಗೆ ಮಿತಿ 65, ಬಿಎಸ್-4ಕ್ಕೆ 50. ಅಂದರೆ ನೂರು ಪಾಲು ಬೆಳಕಿನಲ್ಲಿ 35 ಪಾಲಾದರೂ ಆಚೆ ದಾಟಿದರೆ ಪಾಸು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದೂ ಅಷ್ಟರಲ್ಲೇ ಆದ್ದರಿಂದ ಸ್ವಲ್ಪ ಧೈರ್ಯ ಬಂತು.

"ಒತ್ರಿ ಸಾರ್."

ಒತ್ತಿದೆ. ಹಳೇ ಎಂಜಿನ್ನನ್ನು ನಿಂತಲ್ಲೇ ಅಷ್ಟು ಕಿರುಚಿಸುವುದು ಮನಸ್ಸಿಗೆ ಬರುವ ಕೆಲಸವಲ್ಲ. ಟೆಸ್ಟಿನಲ್ಲೇ ಯಾರದೋ ಗಾಡಿಯ ಟೈಮಿಂಗ್ ಬೆಲ್ಟ್ ಹರಿಯಿತೆಂಬ ಕಥೆ ಆ ಹೊತ್ತಿಗೇ ನೆನಪಾಗಬೇಕೆ?

"ಫುಲ್ ಒತ್ರಿ ಸಾರ್. ಆರ್‌ಪಿಎಂ ಬರ್ತಾ ಇಲ್ಲ. ಪೆಡಲ್ ಕೆಳಗೆ ಏನಾದ್ರೂ ಇಟ್ಟೀರಾ?"

ಇಟ್ಟಿರಲಿಲ್ಲ. ಡ್ರೈವರುಗಳ ಗುಟ್ಟು ಹುಡುಗನಿಗೆ ಗೊತ್ತಿತ್ತು, ಅಷ್ಟೆ. ಕಣ್ಣು ಮುಚ್ಚಿ ಒತ್ತಿದೆ. ಪಿಕಪ್ ಗದಗುಟ್ಟಿತು. ಡ್ಯಾಶ್‌ಬೋರ್ಡಿನ ಗಣಪತಿ ಒಂದು ಸುತ್ತು ತಿರುಗಿ ಬೆನ್ನು ಹಾಕಿದ. ಬಂಕಿನಲ್ಲಿ ಸರದಿ ನಿಂತಿದ್ದವರು ಮಾತು ನಿಲ್ಲಿಸಿದರು. ಕನ್ನಡಿಯಲ್ಲಿ ನೋಡಿದರೆ ಭಾವ ಇಲ್ಲ. ಹೊಗೆ ಕರಗಿದ ಮೇಲೆ ಬಂದ. ಪಂಚೆಯ ಮೇಲೆ ಮೊಣಕಾಲಿನವರೆಗೆ ಒಂದು ಹೊಸ ಅಂಚು ಇತ್ತು.

"ಎಂಬತ್ತೆಂಟು" ಎಂದ ಹುಡುಗ. ಎಂಬತ್ತೆಂಟು ಕೇಳಿ ಜೀವನದಲ್ಲಿ ಮೊದಲ ಸಲ ಬೇಜಾರಾಯಿತು.

ಗ್ಯಾರೇಜಿನ ಭಾಯಿ ಹೊಗೆ ನೋಡಿಯೇ ರೋಗ ಹೇಳುವ ಪೈಕಿ. ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಹೋಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಬಂದರೆ ತಣ್ಣಗಿದೆ ಎಂದರ್ಥ. ಬಿಸಿಯಾದ ಮೇಲೂ ಬಂದರೆ ಯೋಚಿಸಬೇಕು. ಕಪ್ಪು ಬಂದರೆ ಗಾಳಿ ಕಮ್ಮಿ, ಡೀಸೆಲ್ ಜಾಸ್ತಿ. "ಒಳ್ಳೇ ಹೊಗೆ ಹೆಗ್ಡೇರೆ. ನೀಲಿ ಬಂದಿದ್ರೆ ತೋಟ ಮಾರಬೇಕಿತ್ತು" ಎಂದು ಸಮಾಧಾನ ಹೇಳಿ ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ಪು ಎತ್ತಿದರು.

ಒಳಗೆ ಒಂದು ಸಂಸಾರ ಇತ್ತು. ಅಡಿಕೆ ಸಿಪ್ಪೆಯ ನಾರನ್ನು ಎಳೆಎಳೆಯಾಗಿ ಬಿಡಿಸಿ, ದರಗಿನ ಚೂರು, ಹಳೇ ಗೋಣಿಯ ದಾರ ಸೇರಿಸಿ, ಅಂಚು ಮಡಿಚಿ ಮಾಡಿದ ದುಂಡನೆಯ ಗೂಡು. ಮಧ್ಯದಲ್ಲಿ ಮೆತ್ತಗೆ ಹತ್ತಿ, ಅದು ನಮ್ಮದೇ ಸೀಟಿನದು. ಇಲಿ ಮನೆ ಖಾಲಿ ಮಾಡಿ ಹೋಗಿ ಬಹಳ ದಿನವಾಗಿತ್ತು. ಒಂದು ಮೂಲೆಯಲ್ಲಿ ಅದು ಬಿಟ್ಟುಹೋದ ಅರ್ಧ ಗೋಟಡಿಕೆ. ಫಿಲ್ಟರಿನ ಮಡಿಕೆಗಳಲ್ಲಿ ಬೇಸಿಗೆಯಿಡೀ ದರಗು ಹೊತ್ತ ಧೂಳು ಗಟ್ಟಿ ಕೂತಿತ್ತು. ಇಷ್ಟು ದಿನ ಪಿಕಪ್ ಯಾವ ಸಂದಿಯಿಂದ ಉಸಿರೆಳೆಯುತ್ತಿತ್ತೋ ದೇವರೇ ಬಲ್ಲ. ಭಾಯಿ ಗೂಡನ್ನು ಎರಡು ಕೈಯಲ್ಲಿ ಎತ್ತಿ ನನ್ನ ಕೈಗಿಟ್ಟರು. ಚೆನ್ನಾಗಿತ್ತು, ಎಸೆಯಲು ಮನಸ್ಸಾಗಲಿಲ್ಲ.

ಆಮೇಲೆ ನಾಜಲ್ಲುಗಳು. ನಾಲ್ಕನ್ನೂ ಬಿಚ್ಚಿ ಕೈಪಂಪಿನ ಟೆಸ್ಟರಿಗೆ ಕಟ್ಟಿ ಒತ್ತಿ ತೋರಿಸಿದರು. ಎರಡು ಮಂಜಿನಂತೆ ಹಾರಿಸಿದವು, ಇನ್ನೆರಡು ತೊಟ್ಟಿಕ್ಕಿದವು. ಇದನ್ನು ನನಗೆ ವಿವರಿಸಬೇಕಾಗಲಿಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗಲೂ ಹೀಗೆಯೇ. ನಾಜಲ್ ಸರಿಯಿದ್ದರೆ ದ್ರಾವಣ ಕೊನೆಯ ತುಂಬ ಹರಡುತ್ತದೆ, ಸವೆದಿದ್ದರೆ ಹೊಡೆಯುವವನ ತಲೆಯ ಮೇಲೆ ಸುರಿಯುತ್ತದೆ. ತೊಟ್ಟಿಕ್ಕಿದ ಡೀಸೆಲ್ ಪೂರ್ತಿ ಸುಡದೆ ಮಸಿಯಾಗಿ ಹೊರಗೆ ಬರುತ್ತದೆ. ಘಾಟಿಯುದ್ದಕ್ಕೂ ಬೈಕಿನವರ ಮುಖಕ್ಕೆ ನಾನು ಊದುತ್ತಿದ್ದುದು ದುಡ್ಡು ಕೊಟ್ಟು ಹಾಕಿಸಿದ ಡೀಸೆಲ್ಲನ್ನೇ ಎಂದು ಹೊಳೆದಾಗ ಪರಿಸರದ ಮೇಲೆ ಒಮ್ಮೆಲೇ ಕಾಳಜಿ ಹುಟ್ಟಿತು.

"ಮೈಕೋದೇ ಹಾಕ್ತೀನಿ" ಎಂದರು ಭಾಯಿ. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲೇ ಹೆಸರು ಬದಲಿಸಿ ಬಾಷ್ ಆಗಿದೆ. ನಮ್ಮ ಗ್ಯಾರೇಜುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹೊಸ ಫಿಲ್ಟರು, ಎರಡು ನಾಜಲ್ ಬಿದ್ದ ಮೇಲೆ ಹುಡುಗನ ಯಂತ್ರ 41 ತೋರಿಸಿತು. ಅವನು ಮತ್ತೊಮ್ಮೆ ಒತ್ತಿಸಿದ, ಯಂತ್ರ ಕೆಟ್ಟಿದೆಯೇನೋ ಎಂದು. ಕೆಟ್ಟಿರಲಿಲ್ಲ. ಭಾವನಿಗೆ ನಿರಾಸೆಯಾದದ್ದು ಮುಖದಲ್ಲೇ ಕಾಣುತ್ತಿತ್ತು. ಪಂಚೆ ವ್ಯರ್ಥವಾಗಿ ಹೋಗಿತ್ತಲ್ಲ. ಮನೆಯಲ್ಲಿ ಈಗಿನ ತಕರಾರು ಬೇರೆ: ಗಾಡಿ ಬರುವುದು ಗೊತ್ತೇ ಆಗುವುದಿಲ್ಲ, ಕಾಫಿಗೆ ನೀರಿಡುವುದು ಯಾವಾಗ?

ನಿಮ್ಮ ಮನೆಯಲ್ಲೂ ಹಳೇ ಡೀಸೆಲ್ ಗಾಡಿ ಇದ್ದರೆ ಸೀಮೆಎಣ್ಣೆ, ಥಿನ್ನರ್, ಮರದ ತುಂಡು ಯಾವುದೂ ಬೇಡ. ಏರ್ ಫಿಲ್ಟರಿನ ಡಬ್ಬಿ ತೆಗೆದು ನೋಡಿ. ನಾಜಲ್ ಒಮ್ಮೆ ಟೆಸ್ಟರಿಗೆ ಹಾಕಿಸಿ. ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿಕೊಂಡೇ ಟೆಸ್ಟಿಗೆ ಹೋಗಿ, ಹುಡುಗ ಫುಲ್ ಒತ್ತಿ ಎಂದಾಗ ಫುಲ್ ಒತ್ತಿ. ಬಿಳಿ ಪಂಚೆ ಉಟ್ಟವರು ಜೊತೆಗೆ ಬರುತ್ತೇನೆಂದರೆ ಬೇಡ ಎನ್ನಬೇಡಿ, ಸೈಲೆನ್ಸರಿನ ಕಡೆ ಮಾತ್ರ ನಿಲ್ಲಿಸಬೇಡಿ.