ಈಡಿಗೂ ಈಡಿಗೂ ನಡುವೆ

ರಾತ್ರಿ ಹನ್ನೊಂದರ ಹೊತ್ತಿಗೆ ತೋಟದ ಬೇಲಿಯಲ್ಲಿ ಕಾಡುಹಂದಿಯ ಗುಟುರು ಕೇಳಿದರೆ ಮಲೆನಾಡಿನ ಯಜಮಾನರು ಕೇಪಿನ ಕೋವಿಯನ್ನು ಗೋಡೆಯಿಂದ ಇಳಿಸುತ್ತಾರೆ. ಇಳಿಸುವುದಕ್ಕೆ ಅರೆ ಕ್ಷಣ ಸಾಕು. ಆಮೇಲೆ ಶುರುವಾಗುವುದು ಸಂಕಲ್ಪದಿಂದ ಮಂಗಳಾರತಿಯವರೆಗೆ ಒಂದನ್ನೂ ಬಿಡದೆ ಮಾಡಬೇಕಾದ ಪೂಜೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಬೇಕು. ಬಾಯಿಯಿಂದ ಅಳತೆಯ ಮದ್ದು ಸುರಿಯಬೇಕು. ತೆಂಗಿನ ನಾರಿನ ಉಂಡೆ ತುರುಕಿ ಗಜವೆಂಬ ಉದ್ದನೆಯ ಸರಳಿನಿಂದ ಜಡಿಯಬೇಕು. ಚರೆ ಹಾಕಬೇಕು, ಅದು ಉರುಳಿ ಹೊರಬೀಳದಂತೆ ಇನ್ನೊಂದು ಉಂಡೆ ತುರುಕಬೇಕು. ಗಜವನ್ನು ಹೊರಗೆಳೆದು, ಕುದುರೆ ಎತ್ತಿ, ಬಟಾಣಿಗಿಂತ ಚಿಕ್ಕದಾದ ತಾಮ್ರದ ಕೇಪನ್ನು ಕತ್ತಲಲ್ಲಿ ನಡುಗುವ ಬೆರಳಿನಿಂದ ಅದರ ಜಾಗದಲ್ಲಿ ಕೂರಿಸಬೇಕು. ಕೇಪು ಜಾರಿ ಬಿದ್ದು, ಯಜಮಾನರು ಟಾರ್ಚು ಹಿಡಿದು ಅಂಗಳದಲ್ಲಿ ಮಂಡಿಯೂರಿದ್ದಾಗ ಜಗಲಿಯಿಂದ ಮನೆಯವರ ಧ್ವನಿ ಬರುತ್ತದೆ: “ಇವ್ರೇ, ಹಂದಿ ಹೋಗಿಯಾಯ್ತು.”

ಹಾಗಂತ ಬಾಯಿಂದ ಮದ್ದು ತುಂಬುವ ಕೋವಿಯನ್ನು ಬೇಗ ಹಾರಿಸಿದವರೇ ಇಲ್ಲವೆಂದಲ್ಲ. ನುರಿತ ಬ್ರಿಟಿಷ್ ಸಿಪಾಯಿ ತನ್ನ ‘ಬ್ರೌನ್ ಬೆಸ್’ ಕೋವಿಯಿಂದ ನಿಮಿಷಕ್ಕೆ ಮೂರು ಈಡು ಹಾರಿಸುತ್ತಿದ್ದ. ಕಾಗದದ ಪೊಟ್ಟಣದಲ್ಲಿ ಮದ್ದು, ಗುಂಡು ಎರಡೂ ಸಿದ್ಧವಿರುತ್ತಿದ್ದವು. ಹಲ್ಲಿನಿಂದ ಕಚ್ಚಿ ಹರಿದು ಸುರಿದರಾಯಿತು. ಗುರಿಯ ವಿಚಾರವನ್ನು ಸೈನ್ಯ ಹೆಚ್ಚು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಸಾಲಾಗಿ ನಿಂತ ನೂರು ಜನ ಎದುರಿನ ಸಾಲಿನತ್ತ ಒಟ್ಟಿಗೆ ಹಾರಿಸಿದರೆ ಒಂದಷ್ಟು ಗುಂಡು ಯಾರಿಗಾದರೂ ತಾಗುತ್ತಿದ್ದವು.

ಗುರಿಯೇ ಮುಖ್ಯವೆಂದವರು ಮಾತ್ರ ಆತುರಪಡಲಿಲ್ಲ. ಈ ಹಳೆಯ ಕೋವಿಗಳಿಗೆಂದೇ ಇಂದಿಗೂ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತದೆ. ಅಲ್ಲಿ 30 ನಿಮಿಷದಲ್ಲಿ 13 ಈಡು, ಅದರಲ್ಲಿ ಚೆನ್ನಾಗಿ ಬಿದ್ದ 10 ಮಾತ್ರ ಲೆಕ್ಕಕ್ಕೆ. ಮೂರು ತಪ್ಪಿಗೆ ಕಾನೂನಿನಲ್ಲೇ ಮಾಫಿ! ಹಂದಿಗಳು ಈ ನಿಯಮಾವಳಿಗೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.

ವಿಳಂಬಕ್ಕಿಂತ ಅಪಾಯದ್ದು ಮರೆವು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈನ ಮೊದಲ ಮೂರು ದಿನ ಗೆಟಿಸ್‌ಬರ್ಗ್‌ನಲ್ಲಿ ಕಾಳಗ ನಡೆಯಿತು. ಮುಗಿದ ಮೇಲೆ ರಣರಂಗದಲ್ಲಿ ಆಯ್ದ ಕೋವಿಗಳು 27,574. ಅವುಗಳಲ್ಲಿ ಸುಮಾರು 24,000 ಕೋವಿಗಳಲ್ಲಿ ಮದ್ದುಗುಂಡು ಹಾಗೆಯೇ ಇತ್ತು. ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು, ಕಾಲು ಭಾಗದಲ್ಲಿ ಮೂರರಿಂದ ಹತ್ತು ಈಡು. ಒಬ್ಬ ಪುಣ್ಯಾತ್ಮನ ಕೋವಿಯಲ್ಲಂತೂ 23! ಸುತ್ತ ಸಾವಿರಾರು ಕೋವಿಗಳು ಗುಡುಗುವಾಗ ತನ್ನದು ಹಾರಿತೋ ಇಲ್ಲವೋ ತಿಳಿಯುವುದು ಹೇಗೆ? ಪಕ್ಕದವನ ಸದ್ದನ್ನೇ ತನ್ನದೆಂದುಕೊಂಡು ತುಂಬುತ್ತಾ ಹೋಗಿದ್ದಾನೆ. ಗಜವನ್ನು ನಳಿಗೆಯಲ್ಲೇ ಮರೆತು ಶತ್ರುವಿನತ್ತ ಬಾಣದಂತೆ ಹಾರಿಸಿಬಿಟ್ಟ ಸಿಪಾಯಿಗಳೂ ಉಂಟು. ಹಾರಿಸಿದ ಮೇಲೆ ಗಜವಿಲ್ಲ, ಗಜವಿಲ್ಲದೆ ಮುಂದಿನ ಈಡಿಲ್ಲ. ಆ ದಿನದ ಮಟ್ಟಿಗೆ ಅವರ ಯುದ್ಧ ಮುಗಿದಂತೆ.

ಶಾಂತಿಕಾಲದಲ್ಲಿ ಮರೆವು ಬೇರೆ ವೇಷ ತೊಡುತ್ತದೆ. ಅಮೆರಿಕದ ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಹಳೆಯ ಕೋವಿಪ್ರಿಯರ ರಾಷ್ಟ್ರೀಯ ಪಂದ್ಯಗಳು ನಡೆಯುತ್ತವೆ. ತೊಗಲಂಗಿ ತೊಟ್ಟು, ಕೊಂಬಿನ ಮದ್ದುದಾನಿ ನೇತುಹಾಕಿಕೊಂಡು ಬರುವ ಇಂಥವರಲ್ಲಿ ಕೆಲವರು ಗುಂಡಿಗೆ ಸುತ್ತುವ ಬಟ್ಟೆತುಂಡನ್ನು ಬಾಯಲ್ಲಿ ಹಾಕಿ ಉಗುಳಿನಲ್ಲೇ ನೆನೆಸುತ್ತಾರೆ. ಬಾಯಲ್ಲಿ ಬಟ್ಟೆ ಇರುವಾಗಲೂ ಹರಟೆ ನಿಲ್ಲಬೇಕಲ್ಲ! ಮಾತಿನ ಭರದಲ್ಲಿ ಮದ್ದು ಹಾಕುವುದನ್ನೇ ಮರೆತು ಗುಂಡನ್ನು ಮಾತ್ರ ಜಡಿದುಬಿಡುವುದು ಅವರಲ್ಲಿ ಮಾಮೂಲು. ಆಮೇಲೆ ಗಜದ ತುದಿಗೆ ತಿರುಪು ಸಿಕ್ಕಿಸಿ, ಸೀಸದ ಗುಂಡಿಗೆ ಕೊರೆದು, ಹಲ್ಲುಕಚ್ಚಿ ಎಳೆಯಬೇಕು. ನೋಡುವವರು ಸಲಹೆ ಕೊಡುತ್ತಾರೆ, ಎಳೆಯುವುದು ಒಬ್ಬರೇ.

ಕೇಪು ಎಂಬ ವಸ್ತು ಹುಟ್ಟಿದ್ದಕ್ಕೂ ಬೇಟೆಗಾರನ ಹೊಟ್ಟೆಯುರಿಯೇ ಕಾರಣ. ಅದಕ್ಕೆ ಮೊದಲು ಚಕಮಕಿ ಕೋವಿಯ ಕಾಲ. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿ, ಪಕ್ಕದ ಬಟ್ಟಲಲ್ಲಿಟ್ಟ ಮದ್ದು ಭಗ್ಗೆಂದು, ಬೆಂಕಿ ಸಣ್ಣ ತೂತಿನೊಳಗೆ ನುಸುಳಿದ ಮೇಲಷ್ಟೇ ಈಡು ಹಾರುತ್ತಿತ್ತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಹಕ್ಕಿ ಬೇಟೆಯ ಹುಚ್ಚು. ಹಕ್ಕಿಗಳೋ, ಬಟ್ಟಲಿನ ಮಿಂಚು ಕಂಡ ಕೂಡಲೇ ಚರೆ ತಲುಪುವ ಮೊದಲೇ ಜಾಗ ಖಾಲಿ ಮಾಡುತ್ತಿದ್ದವು. ಭಾನುವಾರ ಕ್ಷಮೆಯ ಬಗ್ಗೆ ಉಪದೇಶಿಸುತ್ತಿದ್ದ ಪಾದ್ರಿ ಹಕ್ಕಿಗಳನ್ನು ಕ್ಷಮಿಸಲಿಲ್ಲ. ಬಡಿದೊಡನೆ ಸಿಡಿಯುವ ರಾಸಾಯನಿಕ ಹಿಡಿದು ಪ್ರಯೋಗಕ್ಕಿಳಿದು 1807ರಲ್ಲಿ ಪೇಟೆಂಟ್ ಪಡೆದ. ಲಂಡನ್ ಟವರ್‌ನಲ್ಲಿ ಸರ್ಕಾರ ಅವನಿಗೆ ಜಾಗ ಕೊಟ್ಟಿತ್ತು. ಅಧಿಕಾರಿ ಬದಲಾದ, ಹೊಸಬ ಬಂದವನೇ ಕಸವನ್ನೆಲ್ಲ ತೆಗೆದುಕೊಂಡು ಹೊರಡು ಎಂದ. ಆ ಕಸವೇ ಮುಂದೆ ಬೇರೆಯವರ ಕೈಯಲ್ಲಿ ತಾಮ್ರದ ಕೇಪಾಗಿ ಬೆಳೆಯಿತು. ಬ್ರಿಟಿಷ್ ಸೈನ್ಯ ಅದನ್ನು ಒಪ್ಪಿ ಅಪ್ಪಿಕೊಳ್ಳುವ ಹೊತ್ತಿಗೆ ಪಾದ್ರಿಗೆ ವಯಸ್ಸಾಗಿತ್ತು. 1843ರಲ್ಲಿ ತೀರಿಕೊಂಡ.

ಹಾರಿಸುವುದಕ್ಕೇ ಇಷ್ಟು ತಾಳ್ಮೆ ಬೇಕೆಂದರೆ ಮಾಡುವುದಕ್ಕೆ ಕೇಳಬೇಕೆ? ಅಮೆರಿಕದ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೆಸ್ ಗಸ್ಲರ್ ಎಂಬ ಕುಶಲಕರ್ಮಿ ಹದಿನೆಂಟನೇ ಶತಮಾನದ ರೀತಿಯಲ್ಲೇ ಒಂದು ಕೋವಿ ಮಾಡಿದ್ದನ್ನು 1969ರಲ್ಲಿ ಚಲನಚಿತ್ರವಾಗಿಸಿದರು. ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಬಗ್ಗಿಸಿ, ಬಡಿದು ಬೆಸೆದು ನಳಿಗೆ ಮಾಡಿ, ಒಳಗೆ ಸುರುಳಿ ಗೀರು ಕೊರೆಯುವಷ್ಟರಲ್ಲಿ ನೋಡುವವರ ತೋಳೇ ನೋಯುತ್ತದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಮ್ಮಾರರು ಇಂಥದೇ ದುಡಿಮೆಯ ಮೇಲೆ ಹುಲಿಯನ್ನೂ ಕೆತ್ತುತ್ತಿದ್ದರು.

ಹಾರಿಸಿದ ಮೇಲಾದರೂ ವಿಶ್ರಾಂತಿಯೇ? ಮೊದಲಿಗೆ, ದಟ್ಟವಾದ ಬಿಳಿ ಹೊಗೆ ಕರಗುವ ತನಕ ಏನಾಯಿತೆಂದೇ ಕಾಣುವುದಿಲ್ಲ. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು, ಗಂಧಕ. ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಮಸಿಗೆ ತೇವ ಹೀರುವ ಚಟ. ಆಗುಂಬೆಯಂಥ ಕಡೆ ರಾತ್ರಿ ಹಾರಿಸಿ ಬೆಳಿಗ್ಗೆ ತೊಳೆದರಾಯಿತೆಂದು ಮಲಗಿದರೆ ನಳಿಗೆಗೆ ತುಕ್ಕು ಹಿಡಿದಿರುತ್ತದೆ. ಹಾಗಾಗಿ ಬಚ್ಚಲ ಹಂಡೆಯ ಬಿಸಿನೀರು, ಸೋಪು, ಗಜಕ್ಕೆ ಸುತ್ತಿದ ಹಳೇ ಪಂಚೆಯ ತುಂಡು, ಕೊನೆಗೆ ಎಣ್ಣೆ. ಗಂಧಕದ ಮಸಿ ನೀರು ಕಂಡೊಡನೆ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಮೊಟ್ಟೆ ಎಂದೂ ಹೊಸಿಲು ದಾಟದ ಮನೆಗಳಲ್ಲೂ ಆ ರಾತ್ರಿ ಬಚ್ಚಲಿನಿಂದ ಬರುವ ಪರಿಮಳಕ್ಕೆ ಯಜಮಾನರೇ ಸಮಜಾಯಿಷಿ ಕೊಡಬೇಕು.

ಕೋವಿಗೆ ನಿಜವಾದ ಮರ್ಯಾದೆ ಸಿಗುವುದು ಕೊಡಗಿನಲ್ಲಿ. ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ಕೋವಿಹೂ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಉಳ್ಳವರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ.

ಉಳಿದ ಕಡೆಯ ಕೃಷಿಕರಿಗೆ ಬೆಳೆ ರಕ್ಷಣೆಯ ಪರವಾನಗಿಯೇ ಗತಿ. 1972ರ ವನ್ಯಜೀವಿ ಕಾಯ್ದೆಯ ನಂತರ ಕೋವಿಯ ಮುಖ್ಯ ಕೆಲಸ ಸದ್ದು ಮಾಡುವುದು. ಅದಕ್ಕೂ ಚುನಾವಣೆ ಅಡ್ಡ ಬರುತ್ತದೆ. ನೀತಿಸಂಹಿತೆ ಜಾರಿಯಾದೊಡನೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಕಳೆದ ಲೋಕಸಭಾ ಚುನಾವಣೆ ಘೋಷಣೆಯಾದದ್ದು 2024ರ ಮಾರ್ಚ್ 16ರಂದು, ಎಣಿಕೆ ಜೂನ್ 4ಕ್ಕೆ. ಅಷ್ಟೂ ದಿನ ಮಂಗಗಳಿಗೆ ಯಾವ ಸಂಹಿತೆಯೂ ಇರಲಿಲ್ಲ. ಸೋತ ಅಭ್ಯರ್ಥಿಯ ಠೇವಣಿ ವಾಪಸ್ ಬರುವುದು ಅನುಮಾನ. ಕೋವಿಯದ್ದು ಬಂದೇ ಬರುತ್ತದೆ, ಅದೂ ಸರಿಯಾಗಿ ಮುಂಗಾರು ಹಿಡಿಯುವ ಹೊತ್ತಿಗೆ. ರಸೀದಿ ತೋರಿಸಿ, ರಾಶಿಯಲ್ಲಿ ತನ್ನದನ್ನು ಗುರುತು ಹಿಡಿದು, ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಯಜಮಾನರು ಬಸ್ಸು ಹತ್ತುತ್ತಾರೆ. ಕಂಡಕ್ಟರು ಕೇಳುವುದು ಒಂದೇ: “ಲಗೇಜ್ ಟಿಕೆಟ್ ತಗೊಳ್ತೀರಾ?”