ಫಾಸ್ಟ್ ಚಾರ್ಜರ್, ಸ್ವಲ್ಪ ನಿಧಾನ

ಹಾಸನದ ಹೆದ್ದಾರಿ. ಕಾರಿನ ಬ್ಯಾಟರಿಯಲ್ಲಿ ಉಳಿದದ್ದು ಶೇಕಡಾ 11. ಹೋಟೆಲ್ ಅಂಗಳದಲ್ಲಿ 60 ಕಿಲೋವ್ಯಾಟ್‌ನ ಫಾಸ್ಟ್ ಚಾರ್ಜರು, ಅನಾವರಣಕ್ಕೆ ಕಾದ ಪ್ರತಿಮೆಯ ಹಾಗೆ ಪ್ಲಾಸ್ಟಿಕ್ ಹೊದ್ದು ನಿಂತಿತ್ತು.

“ಯಾವಾಗಿಂದ ಹೀಗಿದೆಯಪ್ಪಾ?”

ವಾಚ್‌ಮನ್ ತಲೆ ಕೆರೆದ. “ನಾನು ಸೇರ್ದಾಗ್ಲೇ ಇತ್ತು ಸಾರ್. ಆಗ ನಮ್ ಹುಡುಗಿ ಅಂಗನವಾಡಿ, ಈಗ ಎರಡ್ನೇ ಕ್ಲಾಸು.”

“ಏನು ತೊಂದ್ರೆ?”

“ತೊಂದ್ರೆ ಏನಿಲ್ಲ. ಮೊದ್ಲು ಟ್ರಾನ್ಸ್‌ಫಾರ್ಮರ್ ಇರ್ಲಿಲ್ಲ. ಅದು ಬಂತು, ಮೀಟರ್ ಇರ್ಲಿಲ್ಲ. ಮೀಟರ್ ಬಂತು, ಪರೀಕ್ಷೆ ಮಾಡೋ ಸಾಹೇಬ್ರಿಗೆ ವರ್ಗ ಆಯ್ತು. ಈಗ ಎಲ್ಲಾ ರೆಡಿ.”

“ಮತ್ತೆ?”

“ಟೇಪ್ ಕತ್ತರಿಸೋರ ಡೇಟ್ ಸಿಕ್ಕಿಲ್ಲ.”

“ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ಕಣಯ್ಯಾ ನಮ್ದು, 2017ರಲ್ಲೇ!”

“ಅದಕ್ಕೇ ಸಾರ್, ಅವಸರ ಇಲ್ಲ. ಫಸ್ಟ್ ಬಂದಾಯ್ತಲ್ಲ.”

“ಆ್ಯಪ್‌ನಲ್ಲಿ ‘ಲಭ್ಯ’ ಅಂತ ಹಸಿರು ತೋರಿಸ್ತಿದೆ!”

“ಲಭ್ಯಾನೇ, ಇಲ್ಲೇ ನಿಂತಿದೆ ನೋಡಿ. ಕರೆಂಟ್ ಇದೆ ಅಂತ ಬರ್ದಿದಾರಾ?”

(ಇವನು ವಕೀಲನಾಗಬೇಕಿತ್ತು.)

ಕೊನೆಗೆ ಅಡುಗೆಮನೆಯ 15 ಆಂಪಿಯರ್ ಪ್ಲಗ್ಗೇ ಗತಿ. ಗಂಟೆಗೆ ಹೆಚ್ಚೆಂದರೆ 3 ಯೂನಿಟ್. ನನಗೆ ಬೇಕಿದ್ದದ್ದು 30. ನಡುವೆ ಇಡ್ಲಿ ಹಿಟ್ಟು ರುಬ್ಬುವಾಗ ಕಾರಿನ ವೈರು ಕಿತ್ತರು. ಗ್ರೈಂಡರಿಗೇ ಮೊದಲ ಆದ್ಯತೆಯಂತೆ.

“ಮಾಲೀಕರೇ, ಹೊರಗಿನ ಚಾರ್ಜರ್ ಬೇಗ ಶುರು ಮಾಡಿಸಬಾರದೇ?”

“ಅದಾದ್ರೆ ಮುಕ್ಕಾಲು ಗಂಟೇಲಿ ಹೊರಟುಬಿಡ್ತೀರಲ್ಲ ಸ್ವಾಮಿ,” ಎನ್ನುತ್ತ ಅವರು ರೂಮಿನ ಬೀಗದಕೈ ಚಾಚಿದರು. “ರಾತ್ರಿ ಊಟಕ್ಕೆ ಮುದ್ದೆನೋ, ಚಪಾತಿನೋ?”